ಬೊಗಳಿದ್ದು ದೇವಲೋಕಕ್ಕಲ್ಲ

‘ನಾಯಿ ಬೊಗಳಿದರೆ ದೇವಲೋಕ ಹಾಳಾದೀತೆ?’ ಈ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಯಾರಾದರೂ ಬೆನ್ನ ಹಿಂದೆ ಆಡಿಕೊಂಡರೆ ಮನೆಯ ಹಿರಿಯರು ಇದನ್ನು ಹೇಳಿ ಸಮಾಧಾನ ಮಾಡುತ್ತಾರೆ. ಚುನಾವಣೆಯ ವೇದಿಕೆಯಲ್ಲಿ ಎದುರಾಳಿಯನ್ನು ಹೀಗಳೆಯಲೂ ಇದೇ ಬಳಕೆಯಾಗುತ್ತದೆ. ದೊಡ್ಡದಕ್ಕೆ ಸಣ್ಣವರ ನಿಂದೆ ತಟ್ಟುವುದಿಲ್ಲ ಎಂಬುದು ಇದರ ರೂಢಿಯ ಅರ್ಥ.

ಆ ಅರ್ಥ ತಪ್ಪಲ್ಲ. ಆದರೆ ಗಾದೆ ಹೇಳಿದ್ದೆಷ್ಟು, ನಾವು ಅದಕ್ಕೆ ಸೇರಿಸಿಕೊಂಡದ್ದೆಷ್ಟು ಎಂದು ಬಿಡಿಸಿ ನೋಡಬೇಕು. ಬೊಗಳಿದರೆ ದೇವಲೋಕಕ್ಕೆ ಕೇಡಿಲ್ಲ ಎಂದಷ್ಟೇ ಗಾದೆ ಹೇಳುತ್ತದೆ. ಬೊಗಳುವುದೆಲ್ಲ ಸುಳ್ಳು, ಕಿವಿಗೊಡಬೇಕಾಗಿಲ್ಲ ಎಂದು ಅದು ಎಲ್ಲಿಯೂ ಹೇಳಿಲ್ಲ. ಅದನ್ನು ಸೇರಿಸಿದವರು ನಾವು. ಹಾಳಾಗಬಹುದಾದ್ದು ಏನೂ ಇಲ್ಲದ ಲೋಕಕ್ಕೆ ನಾಯಿಯ ಕೂಗು ಬೇಡದಿರಬಹುದು. ಹಾವು, ತೋಳ, ಕಳ್ಳ, ಬೆಂಕಿ ಎಲ್ಲವೂ ಇರುವ ಲೋಕಕ್ಕೆ ಅದು ಬೇಕು.

ಹಾಗೆ ನೋಡಿದರೆ ದೇವಲೋಕವೂ ನಾಯಿಯನ್ನು ಬಿಟ್ಟು ಬಾಳಿದ್ದಿಲ್ಲ. ಪಣಿಗಳೆಂಬ ಅಸುರರು ಹಸುಗಳನ್ನು ಕದ್ದು ಬಚ್ಚಿಟ್ಟಾಗ ಅವುಗಳ ಜಾಡು ಹಿಡಿದದ್ದು ಇಂದ್ರನ ಸರಮೆ ಎಂಬ ಹೆಣ್ಣುನಾಯಿ. ಆ ಕತೆ ಋಗ್ವೇದದಷ್ಟು ಹಳೆಯದು. ಸ್ವರ್ಗದ ಬಾಗಿಲಲ್ಲಿ ಧರ್ಮರಾಯ ಕಾಲು ಮುಂದಿಡದೆ ನಿಂತದ್ದು ಜೊತೆಗೆ ಬಂದ ನಾಯಿಗಾಗಿ. ನಮ್ಮ ಕಲಬುರಗಿ ಸೀಮೆಯಲ್ಲಂತೂ ಈ ನಂಟು ಇನ್ನೂ ಹತ್ತಿರದ್ದು. ಗಾಣಗಾಪುರದ ದತ್ತನ ಪಟದಲ್ಲಿ ಕಾಲ ಬಳಿ ನಾಲ್ಕು ನಾಯಿಗಳಿರುತ್ತವೆ. ಭಕ್ತರು ಅವನ್ನು ನಾಲ್ಕು ವೇದಗಳೆನ್ನುತ್ತಾರೆ. ಮೈಲಾರಲಿಂಗನ ಭಕ್ತರಾದ ವಗ್ಗಯ್ಯಗಳು ನಾಯಿಯಂತೆ ಬೊಗಳಿ, ದೋಣಿ ಎಂಬ ಪಾತ್ರೆಯಲ್ಲಿ ಹಾಕಿದ್ದನ್ನು ನಾಯಿಯಂತೆಯೇ ಉಂಡು ಸೇವೆ ಸಲ್ಲಿಸುತ್ತಾರೆ. ಬೊಗಳುವುದೇ ಪೂಜೆಯಾದ ನಾಡು ಇದು.

ದೇವಲೋಕದಿಂದ ನೆಲಕ್ಕೆ ಇಳಿಯೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಿನ ನೆಲವೆಂದರೆ ಮೇಲೆ ಕರಿಮಣ್ಣು, ಕೆಳಗೆ ಸುಣ್ಣದ ಕಲ್ಲು. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಈ ಕಲ್ಲಿನ ಮೇಲೆ. ಮನೆಗೆ ಹಾಸುವುದೂ ಇದೇ ಶಹಾಬಾದಿ ಪರಸಿ, ಎಷ್ಟೋ ಹಳೆಯ ಮನೆಗಳ ಮಾಳಿಗೆಗೆ ಹೊದಿಸಿದ್ದೂ ಇದೇ. ಖಣಿಯ ಬದಿಯಲ್ಲಿ ಒಡೆದ ಕಲ್ಲಿನ ಗುಡ್ಡೆ, ಮನೆಯ ಹಿತ್ತಲಲ್ಲಿ ಒಟ್ಟಿದ ಪರಸಿ, ತೊಗರಿ ರಾಶಿಯಾದ ಮೇಲೆ ಒಲೆಗೆಂದು ಕೂಡಿಟ್ಟ ತೊಗರಿ ಕಟ್ಟಿಗೆ, ಕಾಳಿನ ಚೀಲ, ಚೀಲದ ಹಿಂದೆ ಇಲಿ. ಇಲಿ ಇದ್ದಲ್ಲಿಗೆ ನಾಗರಹಾವು ಬರುತ್ತದೆ, ಕೊಳಕುಮಂಡಲ ಬರುತ್ತದೆ. ಬೇಸಿಗೆಯ ಸೆಕೆಗೆ ಜನ ಅಂಗಳದಲ್ಲಿ ಮಲಗುತ್ತಾರೆ. ಅಂಥ ರಾತ್ರಿ ಕಟ್ಟಿಗೆಯ ಬಣವೆಯ ಕಡೆ ಮುಖಮಾಡಿ ನಾಯಿ ಒಂದೇ ಸಮನೆ ಕೂಗತೊಡಗಿದರೆ, “ತಮ್ಮಾ, ಯಾಕ ಒದರಲಕತ್ತದ, ಬ್ಯಾಟ್ರಿ ಹಿಡ್ಕೊಂಡು ನೋಡು” ಎಂದು ಮುತ್ಯಾ ಮೊಮ್ಮಗನನ್ನು ಎಬ್ಬಿಸುತ್ತಾನೆ. ಗಾದೆ ಗೊತ್ತಿದ್ದೂ ಎಬ್ಬಿಸುತ್ತಾನೆ ಎಂಬುದು ಮುಖ್ಯ.

ನಾಯಿಗೆ ಇದು ತಿಳಿಯುವುದು ಹೇಗೆ? ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಜೀವಕೋಶಗಳು ಸುಮಾರು 50–60 ಲಕ್ಷ. ನಾಯಿಯಲ್ಲಿ ತಳಿಗೆ ತಕ್ಕಂತೆ 20 ಕೋಟಿಯಿಂದ 30 ಕೋಟಿ. ನಮ್ಮ ಕಿವಿ 20 ಸಾವಿರ ಹರ್ಟ್ಜ್‌ಗೆ ನಿಲ್ಲುತ್ತದೆ. ನಾಯಿಯದು 45 ಸಾವಿರದವರೆಗೆ ಹೋಗುತ್ತದೆ, ಬೆಕ್ಕಿನದು ಅದಕ್ಕಿಂತಲೂ ಮೇಲೆ. ಅಡುಗೆಮನೆಯ ಮೂಲೆಯನ್ನು ಬೆಕ್ಕು ನೆಟ್ಟ ದೃಷ್ಟಿಯಿಂದ ನೋಡುತ್ತಾ ಬಾಲ ಅಲುಗಿಸುತ್ತಿದ್ದರೆ ಅಲ್ಲಿ ಏನೋ ಸರಿದಾಡಿದೆ ಎಂದೇ ತಿಳಿಯಬೇಕು. ಇನ್ನೊಂದು ಕಾರಣ ರೂಢಿ. ಅಂಗಳದ ನಿತ್ಯದ ವಾಸನೆ, ನಿತ್ಯದ ಸಪ್ಪಳ, ಮನೆಯವರ ನಡಿಗೆ ಎಲ್ಲವೂ ನಾಯಿಗೆ ಬಾಯಿಪಾಠ. ಅದರಲ್ಲಿ ಒಂದು ಬದಲಾದರೂ ಅದು ಎದ್ದು ನಿಲ್ಲುತ್ತದೆ. ಇದರಲ್ಲಿ ಪವಾಡವಿಲ್ಲ, ಒಳ್ಳೆಯ ಮೂಗು, ಒಳ್ಳೆಯ ಕಿವಿ ಮತ್ತು ಎಡೆಬಿಡದ ಗಮನ, ಅಷ್ಟೆ.

ಬೊಗಳುವುದೆಲ್ಲ ಒಂದೇ ಎನ್ನುವುದೂ ಸರಿಯಲ್ಲ. ಬುಡಾಪೆಸ್ಟ್‌ನ ಸಂಶೋಧಕರು ಹಂಗೇರಿಯ ಮೂಡಿ ಎಂಬ ಕುರಿನಾಯಿಗಳ ಕೂಗನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಧ್ವನಿಮುದ್ರಿಸಿ ಜನರಿಗೆ ಕೇಳಿಸಿದರು. ಅಪರಿಚಿತನನ್ನು ಕಂಡಾಗಿನ ಕೂಗು ಯಾವುದು, ಆಟದ ಕೂಗು ಯಾವುದು, ಒಂಟಿಯಾಗಿ ಕಟ್ಟಿಹಾಕಿದಾಗಿನದು ಯಾವುದು ಎಂಬುದನ್ನು ನಾಯಿ ಸಾಕದವರೂ ಸಾಕಷ್ಟು ಸರಿಯಾಗಿ ಗುರುತಿಸಿದರು. 2005ರಲ್ಲಿ ಪ್ರಕಟವಾದ ಈ ಫಲಿತಾಂಶ ನಮ್ಮ ಕುರಿಗಾಹಿಗಳಿಗೆ ಹೊಸದೇನಲ್ಲ. ಚಿಂಚೋಳಿಯ ಕುರುಚಲು ಕಾಡಿನಂಚಿನಲ್ಲಿ ಹಟ್ಟಿ ಹಾಕಿದವನಿಗೆ ದಾರಿಹೋಕನಿಗೆ ಕೂಗಿದ್ದು ಯಾವುದು, ತೋಳ ಬಂದಾಗ ಕೂಗಿದ್ದು ಯಾವುದು ಎಂದು ಕಂಬಳಿಯೊಳಗಿಂದಲೇ ಗೊತ್ತಾಗುತ್ತದೆ. ಆ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ ಅಲ್ಲಿ ಇರುವುದರಿಂದ ಹಟ್ಟಿಯ ನಾಯಿಗೆ ಇಂದಿಗೂ ಕೆಲಸ ತಪ್ಪಿಲ್ಲ. ಹಟ್ಟಿಯ ನಾಯಿ ಕೂಗಿ ಎಬ್ಬಿಸಿದರೆ ಕುರಿಯೂ ಉಳಿಯುತ್ತದೆ, ತೋಳವೂ ಜೀವ ಉಳಿಸಿಕೊಂಡು ಹಿಂದಿರುಗುತ್ತದೆ. ಕಾವಲು ಚೆನ್ನಾಗಿದ್ದಲ್ಲಿ ವಿಷ, ಉರುಳು ಬೇಕಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ನೆಲದೊಳಗಿಂದ ಸದ್ದು ಬರುತ್ತದೆ ಎಂದು ಬಹಳ ದಿನಗಳಿಂದ ಹೇಳುತ್ತಿದ್ದರು. 2021ರ ಅಕ್ಟೋಬರ್ 11ರ ರಾತ್ರಿ 4.1 ತೀವ್ರತೆಯ ಕಂಪನವಾಯಿತು. ಊರವರು ಮನೆ ಬಿಟ್ಟು ಬಯಲಲ್ಲಿ ರಾತ್ರಿ ಕಳೆದರು. ಇಂಥ ಸಂದರ್ಭದಲ್ಲಿ ‘ನಾಯಿಗೆ ಮೊದಲೇ ಗೊತ್ತಿತ್ತು’ ಎಂಬ ಮಾತು ಎಲ್ಲೆಡೆ ಹುಟ್ಟುತ್ತದೆ. ಭೂಮಿ ನಡುಗಿದಾಗ ಮೊದಲು ಬರುವ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದ್ದು, ಮೆತ್ತಗಿನದು, ಗೋಡೆ ಅಲುಗಿಸುವ ಎರಡನೆಯ ಅಲೆ ಸುಮಾರು 3.5 ಕಿ.ಮೀ. ವೇಗದ್ದು. ಮೊದಲನೆಯದನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ, ಪ್ರಾಣಿಗಳು ಗಮನಿಸಬಲ್ಲವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ನೆಲಸಮವಾದಾಗ, ಅಲ್ಲಿಂದ ಸುಮಾರು ನೂರು ಕಿ.ಮೀ. ದೂರದ ಚಿಂಚೋಳಿ ಸೀಮೆಗೆ ಈ ಎರಡು ಅಲೆಗಳ ನಡುವಿನ ಅಂತರ ಲೆಕ್ಕದ ಪ್ರಕಾರ ಹನ್ನೆರಡು ಸೆಕೆಂಡು. ಕಂಪನದ ಕೇಂದ್ರ ಊರಿನ ಬುಡದಲ್ಲೇ ಇದ್ದರೆ ಅದು ಒಂದೆರಡು ಸೆಕೆಂಡಿಗೆ ಇಳಿಯುತ್ತದೆ. ದಿನಗಟ್ಟಲೆ ಮೊದಲೇ ನಾಯಿ ಭೂಕಂಪ ಹೇಳುತ್ತದೆ ಎಂಬುದಕ್ಕೆ ಒಪ್ಪುವಂಥ ಪುರಾವೆ ಸಿಕ್ಕಿಲ್ಲ.

ನಾಯಿ ಊಳಿಟ್ಟರೆ ಸಾವು ಬರುತ್ತದೆ ಎಂಬ ನಂಬಿಕೆಯೂ ಹೀಗೆಯೇ. ಊಳಿಡುವುದು ದೂರದ ನಾಯಿಗೆ ಕೊಡುವ ಕರೆ. ತೋಳದ ಕುಲದಿಂದ ಬಂದ ಬಳುವಳಿ. ಅದನ್ನು ಅಪಶಕುನವೆಂದು ಕಲ್ಲೆಸೆಯುವುದೂ ಕೇಳದಿರುವುದರ ಇನ್ನೊಂದು ಬಗೆ. ಏನೂ ಹೇಳದಿದ್ದಲ್ಲಿ ಅರ್ಥ ಹಚ್ಚುವುದು, ಹೇಳಿದ್ದನ್ನು ಕೇಳದಿರುವುದು, ಎರಡರಲ್ಲೂ ತಪ್ಪು ನಾಯಿಯದಲ್ಲ.

ಈ ತಪ್ಪಿನ ಬೆಲೆಯನ್ನು ನಮ್ಮ ಹಿಂದಿನವರು ಕತೆ ಕಟ್ಟಿ ಹೇಳಿದ್ದಾರೆ. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿದ ಮುಂಗುಸಿಯ ಬಾಯಲ್ಲಿ ರಕ್ತ ಕಂಡು, ಒಳಗೆ ಹೋಗಿ ನೋಡದೆಯೇ ಅದನ್ನು ಕೊಂದ ತಾಯಿಯ ಕತೆ ಎಲ್ಲರಿಗೂ ಗೊತ್ತು. ಬಣಜಾರರ ನಾಯಿಯ ಕತೆ ಅಷ್ಟು ಗೊತ್ತಿಲ್ಲ. ಸಾಲಕ್ಕೆ ಒತ್ತೆಯಾಗಿ ಸಾಹುಕಾರನ ಮನೆಯಲ್ಲಿ ಬಿಟ್ಟ ನಾಯಿ, ಕಳ್ಳರು ಬಚ್ಚಿಟ್ಟ ಮಾಲನ್ನು ತೋರಿಸಿಕೊಟ್ಟಿತು. ಸಂತೋಷಗೊಂಡ ಸಾಹುಕಾರ ಸಾಲ ತೀರಿತೆಂದು ಚೀಟಿ ಬರೆದು ಕೊರಳಿಗೆ ಕಟ್ಟಿ ಕಳಿಸಿದ. ಕೊಟ್ಟ ಮಾತು ಮುರಿದು ಓಡಿಬಂತೆಂದು ಒಡೆಯ ದೊಣ್ಣೆ ಬೀಸಿದ. ಆಮೇಲೆ ಚೀಟಿ ಕಂಡಿತು. ಛತ್ತೀಸ್‌ಗಢದ ಬಾಲೋದ್ ಜಿಲ್ಲೆಯಲ್ಲಿ ಆ ನಾಯಿಗೆ ಕುಕುರದೇವ ಎಂಬ ಗುಡಿಯೇ ಇದೆ. ಎರಡೂ ಕತೆಗಳಲ್ಲಿ ಕಾವಲುಗಾರ ಕೆಲಸ ಮುಗಿಸಿದ್ದ. ಸೋತದ್ದು ಒಡೆಯರ ತಾಳ್ಮೆ.

ಇದಕ್ಕೆ ಎದುರಾದ ಒಂದು ಮಾದರಿ ನಮ್ಮ ಶಾಸನಗಳಲ್ಲೇ ಇದೆ, ಅದರ ಎಳೆ ಸೇಡಂ ತಾಲ್ಲೂಕಿಗೇ ಬಂದು ಮುಟ್ಟುತ್ತದೆ. ಕಾಗಿಣಾ ದಂಡೆಯ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿಂದ ಆಳಿದ ಮೂರನೆಯ ಕೃಷ್ಣ ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಅವನ ಪರವಾಗಿ ಕಾದಿದವನು ಗಂಗರ ಬೂತುಗ. ಬೂತುಗನ ಆಳು ಮಣಲೇರ ಆ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕೋ ಕೇಳು ಎಂದು ಒಡೆಯ ಹೇಳಿದಾಗ ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಡಲಾಯಿತು. ಕಾಳಿ ಮನೆ ಕಾದ ನಾಯಿಯಲ್ಲ, ಬೇಟೆಯ ನಾಯಿ ಎಂಬುದು ನಿಜ. ಆದರೆ ನಾಯಿ ಮಾಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡು ಅದರ ಹೆಸರನ್ನು ಕಲ್ಲಿನಲ್ಲಿ ಬರೆಸಿದ ಮನಸ್ಸು ದೊಡ್ಡದು. ಕಾಳಿಯ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಂದಿನ ನಾಯಿಗಳಿಗೆ ವೀರಗಲ್ಲು ಬೇಕಾಗಿಲ್ಲ, ಲಸಿಕೆ ಬೇಕು. ಕಾಯುವ ನಾಯಿಯೇ ರೇಬಿಸ್ ತಂದರೆ ಕಾವಲಿಗೆ ಅರ್ಥವಿಲ್ಲ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬಿಸನ್ನು, 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿದ್ದು ಸುಮ್ಮನೆ ಅಲ್ಲ. ಮೂರು ತಿಂಗಳು ತುಂಬಿದ ಮರಿಗೆ ಪಶು ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಗಡುವಿಗೆ ಮತ್ತೆ ಹಾಕಿಸಿ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ರಾತ್ರಿ ನಿಮ್ಮ ನಾಯಿ ಕೂಗಿದರೆ ಗದರಿಸುವ ಮೊದಲು ಕಾಲಿಗೆ ಚಪ್ಪಲಿ ಮೆಟ್ಟಿ, ಕೈಯಲ್ಲಿ ಬ್ಯಾಟರಿ ಹಿಡಿದು ನೋಡಿ. ಹಾವು ಕಂಡರೆ ನಾಯಿಯನ್ನು ಹಿಂದಕ್ಕೆ ಕರೆದು ಕಟ್ಟಿಹಾಕಿ, ದೂರ ನಿಂತು ಹಾವು ಹಿಡಿಯಬಲ್ಲವರನ್ನು ಕರೆಸಿ. ಹಾವು ಕಚ್ಚಿಯೇ ಬಿಟ್ಟಿದ್ದರೆ ಮಂತ್ರ, ಬೇರು, ಬಿಗಿದು ಕಟ್ಟುವುದು ಯಾವುದೂ ಬೇಡ. ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿ.