ಕಾಯಕದ ಶುಚಿ



ಉಪಾಹಾರಗೃಹದಲ್ಲಿ ಅಡುಗೆಯ ಕಾಯಕ ಮಾಡುವ ಭಕ್ತನೊಬ್ಬನು ಕೇಳಿದನು: “ಬುದ್ಧೀ, ಜೊತೆಗಾರನು ಕೀವುಗಟ್ಟಿದ ಬೆರಳಿನಿಂದಲೇ ಚಿತ್ರಾನ್ನ ಕಲಸುವನು. ಹೇಳಿದರೆ ಅವನ ಹೊಟ್ಟೆಯ ಮೇಲೆ ಹೊಡೆದಂತಾದೀತು. ಸುಮ್ಮನಿದ್ದರೆ ಉಣ್ಣುವವರ ಗತಿಯೇನು?”

ಕೀವಿನ ಕ್ರಿಮಿಗಳು ಅನ್ನದಲ್ಲಿ ಬೆಳೆದು ಬಿಡುವ ವಿಷವು ಮರಳಿ ಕುದಿಸಿದರೂ ಅಳಿಯದಿರಬಹುದು. ಆದುದರಿಂದ ಇಲ್ಲಿ ಮೌನವು ದಯೆಯಲ್ಲ. ಉಣಬಂದವನೂ ಜಂಗಮಸ್ವರೂಪಿಯೇ, ಅವನಿಗೆ ಕೇಡುಣಿಸಿ ಗಳಿಸಿದ ಹಣವು ದಾಸೋಹಕ್ಕೆ ಸಲ್ಲದು.

ಮೊದಲು ಜೊತೆಗಾರನಿಗೇ ಏಕಾಂತದಲ್ಲಿ ಮೃದುವಾಗಿ ಹೇಳಿರಿ. ಗಾಯ ಮಾಯುವವರೆಗೆ ಕಲಸುವ ಕೆಲಸವನ್ನು ನೀವೇ ವಹಿಸಿಕೊಳ್ಳಿರಿ. ಕೇಳದಿದ್ದರೆ ಯಜಮಾನನಿಗೆ ತಿಳಿಸಿರಿ. ಅವನೂ ಅಲಕ್ಷಿಸಿದರೆ, 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೇಮಕಗೊಂಡ ಅಧಿಕಾರಿಗೆ ಅರುಹುವುದು ಚಾಡಿಯಲ್ಲ, ಅದೂ ಕಾಯಕವೇ.