ಎರಡನೆಯ ನಾಚಿಕೆ

ಹಳ್ಳಿಯ ಕಮ್ಮಾರ ಜೋ ಲಂಡನ್ನಿಗೆ ಬಂದಿದ್ದಾನೆ. ಪಿಪ್‌ನನ್ನು ನೋಡಬೇಕು, ಊರಿನ ಒಂದು ಸುದ್ದಿ ಮುಟ್ಟಿಸಬೇಕು. ಜೋ ಸಂಬಂಧದಲ್ಲಿ ಪಿಪ್‌ನ ಅಕ್ಕನ ಗಂಡ. ತಂದೆತಾಯಿ ಇಲ್ಲದ ಹುಡುಗನನ್ನು ಕುಲುಮೆಯ ಬೆಚ್ಚಗಿನ ಮೂಲೆಯಲ್ಲಿ ಮಗನಂತೆ, ಗೆಳೆಯನಂತೆ ಸಾಕಿದವನು. ಈಗ ಮೈಗೆ ಒಗ್ಗದ ಭಾನುವಾರದ ಬಟ್ಟೆ ತೊಟ್ಟು ನಿಂತಿದ್ದಾನೆ. ಕೈಯಲ್ಲಿರುವ ಹ್ಯಾಟನ್ನು ಎಲ್ಲಿಡಬೇಕೋ ಗೊತ್ತಾಗುವುದಿಲ್ಲ. ಬೆಂಕಿಗೂಡಿನ ಮೇಲಿನ ಹಲಗೆಯ ತುದಿಯಲ್ಲಿ ಇಡುತ್ತಾನೆ, ಬೀಳುತ್ತದೆ. ಎತ್ತಿ ಇಡುತ್ತಾನೆ, ಮತ್ತೆ ಬೀಳುತ್ತದೆ. ತಾನು ಸಾಕಿದ ಹುಡುಗನನ್ನು ಒಮ್ಮೆ ಹೆಸರು ಹಿಡಿದು ಕರೆದರೆ ಮರುಕ್ಷಣ 'ಸರ್' ಎನ್ನುತ್ತಾನೆ. ಪಿಪ್‌ಗೆ ಕೂತಲ್ಲಿ ಕೂರಲಾಗುವುದಿಲ್ಲ. ದುಡ್ಡು ಕೊಟ್ಟು ಈ ಭೇಟಿ ತಪ್ಪಿಸಲು ಸಾಧ್ಯವಿದ್ದರೆ ಖಂಡಿತ ಕೊಡುತ್ತಿದ್ದೆ ಎಂದು ಅವನೇ ನಮಗೆ ಹೇಳುತ್ತಾನೆ.

ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಧಾರಾವಾಹಿಯಾಗಿ ಬಂದದ್ದು 1860–61ರಲ್ಲಿ. ಮನೆಯಲ್ಲಿ ಮೊದಲು ಕಾಲೇಜು ಹತ್ತಿದ ಹುಡುಗನ ಹಾಸ್ಟೆಲಿಗೆ ಊರಿನಿಂದ ಅಪ್ಪ ಬಂದು ನಿಂತದ್ದನ್ನು ಕಂಡವರಿಗೆ ಈ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಂಗ್ಲಿಷ್ ಸಾಹಿತ್ಯದಲ್ಲಿ ನಾಚಿಕೆಯ ಕಥೆಗಳು ಬಹಳ. ಹಣ್ಣು ತಿಂದ ಮೇಲೆ ಎಲೆ ಹೊಲಿದು ಮೈ ಮುಚ್ಚಿಕೊಳ್ಳುವ ಮಿಲ್ಟನ್‌ನ ಆಡಮ್ ಮತ್ತು ಈವ್ ಇದ್ದಾರೆ. ಹಾಥಾರ್ನ್‌ನ 'ದಿ ಸ್ಕಾರ್ಲೆಟ್ ಲೆಟರ್' ಕಾದಂಬರಿಯಲ್ಲಿ ಹೆಸ್ಟರ್ ಎದೆಯ ಮೇಲೆ ಕೆಂಪು ಅಕ್ಷರ ಹೊತ್ತು ಊರೆದುರು ನಿಲ್ಲುತ್ತಾಳೆ. ಅವಳ ಮಗುವಿನ ತಂದೆಯಾದ ಪಾದ್ರಿ ಅದೇ ಊರಿನಲ್ಲಿ ಗೌರವಸ್ಥನಾಗಿ ಉಪದೇಶ ಮಾಡಿಕೊಂಡಿರುತ್ತಾನೆ. ಹಾರ್ಡಿಯ ಟೆಸ್ ತನ್ನದಲ್ಲದ ತಪ್ಪಿಗೆ ಬದುಕಿಡೀ ತಲೆ ತಗ್ಗಿಸುತ್ತಾಳೆ. ಈ ಇಬ್ಬರು ಹೆಂಗಸರದು ಊರು ಹೊರಿಸಿದ ನಾಚಿಕೆ. ಓದುವವರ ಸಿಟ್ಟು ಸಹಜವಾಗಿಯೇ ಊರಿನ ಮೇಲೆ ತಿರುಗುತ್ತದೆ, ನಾವು ನೊಂದವರ ಪಕ್ಕದಲ್ಲಿ ನಿಲ್ಲುತ್ತೇವೆ. ಪಿಪ್‌ನ ಕಥೆಯಲ್ಲಿ ಹಾಗೆ ನಿಲ್ಲಲು ಸುರಕ್ಷಿತವಾದ ಜಾಗವಿಲ್ಲ. ಇಲ್ಲಿ ನಾಚಿಕೊಂಡವನೇ ನೋವು ಕೊಡುವವನು. ಅದೂ ತನ್ನನ್ನು ಅತ್ಯಂತ ಪ್ರೀತಿಸಿದವನಿಗೆ.

ಆ ನಾಚಿಕೆ ಅವನಿಗೆ ಅಂಟಿದ್ದು ಒಂದೇ ಮಧ್ಯಾಹ್ನದಲ್ಲಿ. ಶ್ರೀಮಂತರ ಮನೆಯಲ್ಲಿ ಎಸ್ಟೆಲ್ಲಾ ಎಂಬ ಹುಡುಗಿಯ ಜೊತೆ ಇಸ್ಪೀಟು ಆಡಲು ಕೂತಿದ್ದಾನೆ. ಗುಲಾಮನ ಎಲೆಯನ್ನು ಅವನು ಮನೆಮಾತಿನಂತೆ 'ಜಾಕ್' ಎಂದದ್ದಕ್ಕೆ ಅವಳಿಗೆ ತಾತ್ಸಾರ. ಕೈ ಒರಟಂತೆ, ಬೂಟು ದಪ್ಪವಂತೆ. ಅಲ್ಲಿಯವರೆಗೆ ಅವನು ತನ್ನ ಕೈಯನ್ನು ಒಂದು ಕೈ ಎಂದು ನೋಡಿಕೊಂಡವನೇ ಅಲ್ಲ. ಸಂಜೆ ಮನೆಗೆ ಮರಳುವಾಗ ಅದೇ ಕುಲುಮೆ, ಅದೇ ಅಡುಗೆಮನೆ, ಅದೇ ಜೋ ಇದ್ದಾರೆ. ಹುಡುಗನ ಕಣ್ಣು ಮಾತ್ರ ಎಸ್ಟೆಲ್ಲಾಳದಾಗಿದೆ.

ಡಿಕನ್ಸ್‌ಗೆ ಇದು ಕಲ್ಪನೆಯಿಂದ ಬಂದದ್ದಲ್ಲ. 1824ರಲ್ಲಿ ಅವನ ತಂದೆ ಜಾನ್ ಡಿಕನ್ಸ್ ಬೇಕರಿಯವನೊಬ್ಬನಿಗೆ ಕೊಡಬೇಕಿದ್ದ ಸುಮಾರು 40 ಪೌಂಡ್ ಸಾಲ ತೀರಿಸಲಾಗದೆ ಲಂಡನ್ನಿನ ಮಾರ್ಷಲ್‌ಸೀ ಜೈಲು ಸೇರಿದ. ಹನ್ನೆರಡು ವರ್ಷದ ಚಾರ್ಲ್ಸ್ ಥೇಮ್ಸ್ ದಡದ ಹಂಗರ್‌ಫರ್ಡ್ ಸ್ಟೇರ್ಸ್ ಬಳಿ, ಇಲಿಗಳು ಓಡಾಡುವ ಹಳೆಯ ಕಟ್ಟಡದಲ್ಲಿ, ಬೂಟ್ ಪಾಲಿಶ್ ತಯಾರಿಸುವ ಕಾರ್ಖಾನೆಗೆ ಸೇರಿದ. ಪಾಲಿಶ್ ತುಂಬಿದ ಕುಡಿಕೆಗಳ ಬಾಯಿಗೆ ಎಣ್ಣೆಕಾಗದ, ಅದರ ಮೇಲೆ ನೀಲಿ ಕಾಗದ ಮುಚ್ಚಿ, ದಾರ ಕಟ್ಟಿ, ಅಂಚು ಕತ್ತರಿಸಿ, ಚೀಟಿ ಅಂಟಿಸುವುದು ಕೆಲಸ. ಮೊದಲ ದಿನ ದಾರ ಕಟ್ಟುವುದನ್ನು ಹೇಳಿಕೊಟ್ಟವನು ಬಾಬ್ ಫೇಗಿನ್ ಎಂಬ ದೊಡ್ಡ ಹುಡುಗ.

ಒಂದು ದಿನ ಚಾರ್ಲ್ಸ್‌ಗೆ ಪಕ್ಕೆಯಲ್ಲಿ ವಿಪರೀತ ನೋವು ಬಂತು. ಬಾಬ್ ಖಾಲಿ ಪಾಲಿಶ್ ಬಾಟಲಿಗಳಿಗೆ ಬಿಸಿನೀರು ತುಂಬಿ ತುಂಬಿ ಅರ್ಧ ದಿನ ಶಾಖ ಕೊಟ್ಟ. ಸಂಜೆ, ನೀನೊಬ್ಬನೇ ಹೋಗುವುದು ಬೇಡ ಎಂದು ಮನೆ ಮುಟ್ಟಿಸಲು ಜೊತೆಗೆ ಹೊರಟ. ಚಾರ್ಲ್ಸ್‌ಗೆ ದಿಗಿಲು: ಅಪ್ಪ ಇರುವುದು ಜೈಲಿನಲ್ಲಿ, ಅದನ್ನು ಇವನಿಗೆ ಹೇಗೆ ಹೇಳುವುದು? ಏನೇನೋ ನೆಪ ಹೂಡಿದರೂ ಬಾಬ್ ಬಿಡಲಿಲ್ಲ. ಕೊನೆಗೆ ಸದರ್ಕ್ ಸೇತುವೆಯ ಆಚೆ ಯಾರದೋ ಮನೆಯ ಮೆಟ್ಟಿಲ ಮೇಲೆ ಚಾರ್ಲ್ಸ್ ಅವನ ಕೈ ಕುಲುಕಿ, ನನ್ನ ಮನೆ ಬಂತು ಎಂದ. ಬಾಬ್ ಹಿಂತಿರುಗಿ ನೋಡಿದರೆ ನಂಬಿಕೆ ಬರಲಿ ಎಂದು ಬಾಗಿಲನ್ನೂ ತಟ್ಟಿದ. ಬಾಗಿಲು ತೆರೆದ ಹೆಂಗಸನ್ನು, ಇದು ರಾಬರ್ಟ್ ಫೇಗಿನ್ ಅವರ ಮನೆಯೇ ಎಂದು ಕೇಳಿದ.

ಬಾಯಿಗೆ ಬಂದ ಹೆಸರು ಅದೊಂದೇ. ಮುಂದೆ 'ಆಲಿವರ್ ಟ್ವಿಸ್ಟ್' ಬರೆಯುವಾಗ, ಮಕ್ಕಳಿಗೆ ಜೇಬುಗಳ್ಳತನ ಕಲಿಸುವ ಕೇಡಿಗನಿಗೆ ಅವನು ಇಟ್ಟದ್ದೂ ಅದೇ ಹೆಸರು. ಶಾಖ ಕೊಟ್ಟ ಹುಡುಗನ ಹೆಸರು! ಇದನ್ನು ಕೃತಘ್ನತೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ನಮ್ಮನ್ನು ದೀನ ಸ್ಥಿತಿಯಲ್ಲಿ ಕಂಡವರನ್ನು ಕ್ಷಮಿಸುವುದು ಕಷ್ಟ. ಕರುಣೆಯಿಂದ ಕಂಡವರನ್ನಂತೂ ಇನ್ನೂ ಕಷ್ಟ.

ದೊಡ್ಡವನಾದ ಮೇಲೂ ಆ ಪಾಲಿಶ್ ಬಾಟಲಿಗಳ ಬಿರಡೆಗೆ ಹಚ್ಚುವ ಅಂಟಿನ ವಾಸನೆ ಮೂಗಿಗೆ ಬಡಿಯದಿರಲೆಂದು ಡಿಕನ್ಸ್ ರಸ್ತೆ ದಾಟಿ ಎದುರು ಬದಿಗೆ ಹೋಗುತ್ತಿದ್ದ ಕಾಲವಿತ್ತು. ಈ ಅನುಭವವನ್ನು ಅವನು ಮೊದಲು ನೇರವಾಗಿ ಕಾದಂಬರಿಗೆ ತಂದದ್ದು 1849–50ರ 'ಡೇವಿಡ್ ಕಾಪರ್‌ಫೀಲ್ಡ್'ನಲ್ಲಿ. ಅಲ್ಲಿ ಬಾಟಲಿ ತೊಳೆಯುವ ಬಾಲಕನ ಸಂಕಟ ನಮ್ಮ ಕಣ್ಣಲ್ಲಿ ನೀರು ತರಿಸುತ್ತದೆ. ಆದರೆ ಕಣ್ಣೆಲ್ಲ ಆ ಬಾಲಕನ ಮೇಲೆಯೇ. ಜೊತೆಗೆ ದುಡಿಯುವ ಹುಡುಗರು ಅವನ ಪಾಡು ಎಷ್ಟು ಕೆಟ್ಟದ್ದೆಂದು ತೋರಿಸಲು ಮಾತ್ರ ಇದ್ದಾರೆ. ಹತ್ತು ವರ್ಷದ ಮೇಲೆ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ಗೆ ಕೈ ಹಾಕುವಾಗ, ಹೇಳಿದ್ದನ್ನೇ ಹೇಳಬಾರದೆಂದು ಅವನು 'ಕಾಪರ್‌ಫೀಲ್ಡ್' ಅನ್ನು ಮತ್ತೆ ಓದಿದ. ನನಗೆ ಅನ್ನಿಸುವಂತೆ, ಆ ಓದಿನಲ್ಲಿ ಪಕ್ಕದ ಹುಡುಗರ ಮುಖ ಅವನಿಗೆ ಕಂಡಿರಬೇಕು.

ಏಕೆಂದರೆ ಪಿಪ್‌ನ ಕಥೆ ಹೇಳುತ್ತಿರುವವನು ವಯಸ್ಸಾದ ಪಿಪ್. ಅವನು ತನಗೆ ರಿಯಾಯಿತಿ ಕೊಡುವುದಿಲ್ಲ. ಊರು ಬಿಡುವ ದಿನ ತನ್ನ ಹೊಸ ಬಟ್ಟೆಯ ಪಕ್ಕದಲ್ಲಿ ಜೋ ಕಾಣಬಾರದೆಂದು ಗಾಡಿಯವರೆಗೆ ಒಬ್ಬನೇ ಹೋದದ್ದು, ಊರಿಗೆ ಬಂದಾಗ ನೆಪ ಹುಡುಕಿ ಕುಲುಮೆಯ ಮನೆ ಬಿಟ್ಟು ಹೋಟೆಲಿನಲ್ಲಿ ಉಳಿದದ್ದು, ಎಲ್ಲವನ್ನೂ ಬಿಚ್ಚಿಡುತ್ತಾನೆ. ಇದು ನಾಚಿಕೊಂಡದ್ದಕ್ಕೆ ಪಟ್ಟ ನಾಚಿಕೆ. ಮೊದಲನೆಯದರಲ್ಲಿ ಮನುಷ್ಯನಿಗೆ ಕಾಣುವುದು ತಾನೊಬ್ಬನೇ: ನಾನು ಹೇಗೆ ಕಾಣುತ್ತಿದ್ದೇನೆ, ನನ್ನ ಬಗ್ಗೆ ಏನೆಂದುಕೊಂಡರು? ಎರಡನೆಯದರಲ್ಲಿ ಇನ್ನೊಬ್ಬರ ಮುಖ ಕಾಣತೊಡಗುತ್ತದೆ. ಹ್ಯಾಟು ಬೀಳುವ ದೃಶ್ಯ ನಗು ತರಿಸಿ ಆಮೇಲೆ ಗಂಟಲು ಕಟ್ಟಿಸುವುದು ಅದಕ್ಕೇ. ನೋಡಿ ಕುದಿದವನು ಹರೆಯದ ಪಿಪ್, ಬರೆದವನು ಮುದಿ ಪಿಪ್.

ಕೊನೆಯಲ್ಲಿ ಪಿಪ್ ಸಾಲಗಾರನಾಗುತ್ತಾನೆ, ಹಿಡಿದೊಯ್ಯಲು ಬಂದವರ ಎದುರೇ ಜ್ವರ ಬಂದು ಕುಸಿಯುತ್ತಾನೆ. ಜೋ ಬಂದು ಆರೈಕೆ ಮಾಡುತ್ತಾನೆ. ಹುಡುಗನ ಮೈಗೆ ಬಲ ಬಂದಂತೆಲ್ಲ ಜೋನ ಮಾತಿಗೆ ಆ 'ಸರ್' ಮರಳುತ್ತದೆ. ಒಂದು ಬೆಳಗ್ಗೆ ಅವನು ಹೇಳದೆ ಹೊರಟುಹೋಗಿರುತ್ತಾನೆ. ಒಂದು ಚಿಕ್ಕ ಪತ್ರ, ಅದರೊಳಗೆ ಸಾಲ ತೀರಿಸಿದ ರಸೀತಿ ಇರುತ್ತದೆ. ಆ 'ಸರ್' ಅನ್ನು ಜೋಗೆ ಕಲಿಸಿದವನು ತಾನೇ ಎಂಬುದು ಪಿಪ್‌ಗೆ ಆಗ ಸ್ಪಷ್ಟವಾಗುತ್ತದೆ. ಅವನು ಊರಿಗೆ ಹೋಗುತ್ತಾನೆ, ಎದುರು ನಿಂತು ಕ್ಷಮೆ ಕೇಳುತ್ತಾನೆ.

ಡಿಕನ್ಸ್‌ಗೆ ಅಷ್ಟು ನೇರ ದಾರಿ ಸಿಗಲಿಲ್ಲ. ಕಾರ್ಖಾನೆಯ ದಿನಗಳನ್ನು ಅವನು ಬರೆದು ಗೆಳೆಯ ಜಾನ್ ಫಾರ್ಸ್ಟರ್‌ಗೆ ಒಪ್ಪಿಸಿದ, ಸ್ವಂತ ಮಕ್ಕಳಿಗೆ ಹೇಳಲಿಲ್ಲ. ಅವರಿಗೆ ತಿಳಿದದ್ದು 1870ರಲ್ಲಿ ಅವನು ತೀರಿಕೊಂಡ ಮೇಲೆ, ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ. ಬಾಬ್‌ನ ಬಿಸಿನೀರಿನ ಬಾಟಲಿಗಳನ್ನೂ, ಅವನ ಹೆಸರನ್ನು ತಾನು ಎಲ್ಲಿ ಬಳಸಿಕೊಂಡೆ ಎಂಬುದನ್ನೂ ಡಿಕನ್ಸ್ ಆ ಹಾಳೆಗಳಲ್ಲಿ ಮುಚ್ಚಿಡದೆ ಬರೆದಿದ್ದ.