ಕೊಟ್ಟ ಬೆಲೆಗೆ ಮೀರಿ ದೊರೆತದ್ದು ಯಾರದು?

ಮುನಿಗಳಿಗೆ ಕ್ರಯವೂ ಇಲ್ಲ, ವಿಕ್ರಯವೂ ಇಲ್ಲ. ಶ್ರಾವಕನಿಗೆ ಇವೆರಡೂ ತಪ್ಪಿದ್ದಲ್ಲ. ಅಕ್ಕಿ ಬೇಳೆ, ಬಟ್ಟೆ ಪಾತ್ರೆ, ಹೊಲ ಮನೆಗಳನ್ನು ಅವನು ಹಣ ಕೊಟ್ಟೇ ಪಡೆಯಬೇಕು. ಕೊಂಡ ವಸ್ತು ಎಣಿಸಿದ್ದಕ್ಕಿಂತ ಕೀಳಾಗಿದ್ದರೆ ಅವನು ಮರುದಿನವೇ ಅಂಗಡಿಯ ಮೆಟ್ಟಿಲೇರಿ ನ್ಯಾಯ ಕೇಳುತ್ತಾನೆ. ಅದೇ ವಸ್ತು ಎಣಿಸಿದ್ದಕ್ಕಿಂತ ಮೇಲಾಗಿದ್ದರೆ? ಆಗ ಮೆಟ್ಟಿಲೇರಿ ಹೋಗುವವರು ವಿರಳ. ‘ನನ್ನ ಪುಣ್ಯೋದಯ’ ಎಂದುಕೊಂಡು ವಸ್ತುವನ್ನು ಒಳಗಿಟ್ಟುಕೊಳ್ಳುವವರೇ ಬಹಳ. ನಷ್ಟವಾದಾಗ ನ್ಯಾಯವನ್ನು ಸ್ಮರಿಸುವ ಮನಸ್ಸು ಲಾಭವಾದಾಗ ಪುಣ್ಯವನ್ನು ಸ್ಮರಿಸುವುದು ವಿಚಾರಾರ್ಹವಾದ ಸಂಗತಿ.

ಪುಣ್ಯೋದಯವೆಂಬ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ. ಹಿಂದಿನ ಶುಭಕರ್ಮದ ಫಲವಾಗಿ ಅನುಕೂಲ ಸಾಮಗ್ರಿ ಎದುರಿಗೆ ಬರಬಹುದು. ಅದನ್ನು ಯಾವ ಭಾವದಿಂದ ಕೈಗೆತ್ತಿಕೊಳ್ಳುತ್ತೇವೆ ಎಂಬುದರಿಂದ ಮುಂದಿನ ಬಂಧ ನಿರ್ಧಾರವಾಗುತ್ತದೆ. ಆದ್ದರಿಂದ ವ್ರತಿಯಾದವನು ‘ಎಷ್ಟು ಲಾಭವಾಯಿತು’ ಎಂದು ಎಣಿಸುವ ಮೊದಲು ‘ಈ ಹೆಚ್ಚಳ ಎಲ್ಲಿಂದ ಬಂತು’ ಎಂದು ಕೇಳಿಕೊಳ್ಳಬೇಕು. ವಿಚಾರಿಸಿ ನೋಡಿದರೆ ಅದು ಸಾಮಾನ್ಯವಾಗಿ ನಾಲ್ಕು ಕಡೆಗಳಿಂದ ಬರುತ್ತದೆ: ವಸ್ತುವನ್ನು ಮಾಡಿದವನ ಪ್ರಾಮಾಣಿಕತೆಯಿಂದ, ಮಾರಿದವನ ಅಜ್ಞಾನದಿಂದ, ಮಾರಿದವನ ಸಂಕಷ್ಟದಿಂದ, ಇಲ್ಲವೆ ಕಾಲದ ಗತಿಯಿಂದ. ನಾಲ್ಕಕ್ಕೂ ಒಂದೇ ಉತ್ತರ ಸಲ್ಲದು.

ಮೊದಲನೆಯದು ನಿರ್ದೋಷವಾದುದು. ಐದು ವರ್ಷ ಬಾಳೀತೆಂದು ಕೊಂಡ ಕಂಬಳಿ ಹದಿನೈದು ವರ್ಷ ಬಾಳುತ್ತದೆ. ಸಾಧಾರಣವೆಂದು ತಂದ ತಾಮ್ರದ ಕೊಡ ಮಕ್ಕಳ ಕಾಲಕ್ಕೂ ಸೋರದೆ ಉಳಿಯುತ್ತದೆ. ಇಲ್ಲಿ ಯಾರೂ ಏನನ್ನೂ ಕಳೆದುಕೊಂಡಿಲ್ಲ. ನೇಯ್ದವನ ಅಥವಾ ಬಡಿದವನ ನಿಷ್ಠೆಯೇ ಆ ಹೆಚ್ಚಳ. ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸಲು ಬರುವುದು ಉಪಭೋಗ ಎಂದು ಆಚಾರ್ಯರು ವಿಂಗಡಿಸಿದ್ದಾರೆ. ಉಪಭೋಗದ ವಸ್ತು ಹೆಚ್ಚು ಕಾಲ ಬಾಳಿದಷ್ಟೂ ಹೊಸದನ್ನು ಕೊಳ್ಳುವ ಆರಂಭ ಕಡಿಮೆಯಾಗುತ್ತದೆ. ಭೋಗೋಪಭೋಗ ಪರಿಮಾಣ ವ್ರತಕ್ಕೆ ಅದೇ ಸಹಾಯಕವಾಗುತ್ತದೆ. ಅಂತಹ ಕುಶಲಕರ್ಮಿಯೊಡನೆ ಮುಂದಿನ ಸಲ ಚೌಕಾಸಿ ಮಾಡದಿರುವುದು ಕೊಂಡವನ ಕರ್ತವ್ಯ. ಆದರೆ ‘ಇಷ್ಟು ಚೆನ್ನಾಗಿದೆ, ಇನ್ನೂ ನಾಲ್ಕಿರಲಿ’ ಎಂದು ಹೊರಟರೆ ಗುಣವೇ ದೋಷಕ್ಕೆ ದಾರಿಯಾಗುತ್ತದೆ. ಸಮಂತಭದ್ರ ಸ್ವಾಮಿಗಳು ರತ್ನಕರಂಡ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹವನ್ನೂ ಸೇರಿಸಿರುವುದು ಗಮನಾರ್ಹವಾಗಿದೆ.

ಎರಡನೆಯದು ಹಾಗಲ್ಲ. ಮುದುಕಿಯೊಬ್ಬಳು ಮನೆಯ ಹಳೆಯ ಪಾತ್ರೆಗಳನ್ನು ಹಿತ್ತಾಳೆಯ ತೂಕದ ಲೆಕ್ಕಕ್ಕೆ ಮಾರುತ್ತಾಳೆಂದು ಇಟ್ಟುಕೊಳ್ಳೋಣ. ಕೊಂಡವನು ಮನೆಗೆ ಬಂದು ಹುಣಿಸೆಹಣ್ಣು ಹಾಕಿ ತಿಕ್ಕಿದಾಗ ಅದರಲ್ಲೊಂದು ಬೆಳ್ಳಿಯದೆಂದು ತಿಳಿಯುತ್ತದೆ. ಅವನು ಮೋಸ ಮಾಡಿಲ್ಲ. ಕೇಳಿದ ಬೆಲೆ ಕೊಟ್ಟಿದ್ದಾನೆ. ಲೋಕದ ದೃಷ್ಟಿಯಲ್ಲಿ ವ್ಯವಹಾರ ಮುಗಿದಿದೆ. ವ್ರತದ ದೃಷ್ಟಿಯಲ್ಲಿ ಮುಗಿದಿದೆಯೇ?

ಜೈನಾಗಮವು ಕಳ್ಳತನವನ್ನು ‘ಅದತ್ತಾದಾನ’ ಎಂದು ಕರೆಯುತ್ತದೆ, ಅಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. ಕೊಡುವುದೆಂಬ ಕ್ರಿಯೆಗೆ ಕೊಡುವವನ ಅರಿವು ಬೇಕು. ಆ ಮುದುಕಿ ಹಿತ್ತಾಳೆಯನ್ನು ಕೊಟ್ಟಳೇ ಹೊರತು ಬೆಳ್ಳಿಯನ್ನು ಕೊಡಲಿಲ್ಲ. ಇಬ್ಬರೂ ಅರಿಯದೆ ಇದ್ದಷ್ಟು ಕಾಲ ಕೊಂಡವನಲ್ಲಿ ಪ್ರಮತ್ತ ಭಾವವಿರಲಿಲ್ಲ. ಆದುದರಿಂದ ದೋಷವೂ ಇರಲಿಲ್ಲ. ತಿಳಿದ ಕ್ಷಣದಿಂದ ಅವನ ಸ್ಥಿತಿ ಬದಲಾಯಿತು. ಆ ಮೇಲೆ ಸುಮ್ಮನಿದ್ದರೆ ಸುಮ್ಮನಿರುವುದೇ ಕ್ರಿಯೆಯಾಗುತ್ತದೆ.

ಸಮಂತಭದ್ರರು ಅಚೌರ್ಯಾಣುವ್ರತವನ್ನು ನಿರೂಪಿಸುವಾಗ ಪರರು ಇಟ್ಟುಹೋದ, ಬೀಳಿಸಿಕೊಂಡ ಹಾಗೂ ಮರೆತುಬಿಟ್ಟ ದ್ರವ್ಯಗಳ ಹೆಸರೆತ್ತುತ್ತಾರೆ. ಅವರು ಕೊಡದಿದ್ದ ಮೇಲೆ ಅಂತಹುದನ್ನು ತಾನು ತೆಗೆದುಕೊಳ್ಳಬಾರದು. ಮಾತ್ರವಲ್ಲ, ಇನ್ನೊಬ್ಬರಿಗೆ ಕೊಡಲೂ ಬಾರದು. ಈ ಎರಡನೆಯ ನಿಷೇಧ ಬಹಳ ಸೂಕ್ಷ್ಮವಾದುದು. ಲಾಭದಿಂದ ಮನಸ್ಸು ಚುಚ್ಚಿದಾಗ ಗೃಹಸ್ಥನು ಸಾಮಾನ್ಯವಾಗಿ ಹಿಡಿಯುವ ದಾರಿಯೆಂದರೆ ಅದರಲ್ಲಿ ಒಂದು ಪಾಲನ್ನು ಬಸದಿಗೆ ಸಲ್ಲಿಸುವುದು ಅಥವಾ ಆಹಾರದಾನ ಮಾಡುವುದು. ಆ ದಾರಿಯನ್ನು ಆಚಾರ್ಯರು ಮುಚ್ಚಿದ್ದಾರೆ. ಪರಸ್ವವು ದಾನದಿಂದ ಸ್ವಂತದ್ದಾಗುವುದಿಲ್ಲ. ಬೆಳ್ಳಿಯ ಪಾತ್ರೆ ಭಗವಂತನ ಅಭಿಷೇಕಕ್ಕೆ ಬಂದರೂ ಅದು ಮುದುಕಿಯದೇ. ಅದು ಹೋಗಬೇಕಾದದ್ದು ಅವಳ ಮನೆಗೆ. ಇಲ್ಲವೆ ಅದರ ನಿಜವಾದ ಬೆಲೆ ಅವಳ ಕೈ ಸೇರಬೇಕು.

‘ಹೀಗಾದರೆ ವ್ಯಾಪಾರವೇ ನಡೆಯದು, ವಸ್ತುವಿನ ಬೆಲೆಯನ್ನು ಇತರರಿಗಿಂತ ಚೆನ್ನಾಗಿ ಅರಿಯುವುದೇ ವ್ಯಾಪಾರಿಯ ವಿದ್ಯೆ’ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಜೈನ ಸಮಾಜ ತಲೆಮಾರುಗಳಿಂದ ವಾಣಿಜ್ಯವನ್ನು ಅವಲಂಬಿಸಿ ಬಂದಿದೆ. ಪಂಡಿತ ಆಶಾಧರರು ೧೩ನೆಯ ಶತಮಾನದ ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಹಣ ಗಳಿಸುವುದನ್ನೇ ಮೊದಲಿಗೆ ಹೇಳಿದ್ದಾರೆ, ಗಳಿಸಬಾರದೆಂದು ಹೇಳಿಲ್ಲ. ಇಬ್ಬರು ವರ್ತಕರು ಪೇಟೆಯಲ್ಲಿ ಸಮಸಮನಾಗಿ ಕುಳಿತು ವ್ಯವಹರಿಸುವಾಗ ಒಬ್ಬನ ಅಂದಾಜು ಗೆಲ್ಲುತ್ತದೆ, ಇನ್ನೊಬ್ಬನದು ಸೋಲುತ್ತದೆ. ಇಬ್ಬರೂ ಆ ಸಾಧ್ಯತೆಯನ್ನು ಒಪ್ಪಿಯೇ ಕುಳಿತವರು. ಮುದುಕಿ ಹಾಗೆ ಒಪ್ಪಿ ಕುಳಿತವಳಲ್ಲ. ಜಾಣ್ಮೆಯ ಪ್ರತಿಫಲಕ್ಕೂ ಅಜ್ಞಾನದ ಕೊಳ್ಳೆಗೂ ಇರುವ ಅಂತರ ಇಷ್ಟೇ: ತಾನು ತಿಳಿದುದನ್ನು ಎದುರಿಗೆ ಹೇಳಿದ ಮೇಲೂ ವ್ಯವಹಾರ ನಿಲ್ಲುವುದಾದರೆ ಅದು ನ್ಯಾಯ, ಹೇಳಿದರೆ ಮುರಿದುಬೀಳುವುದಾದರೆ ಅದು ಅನ್ಯಾಯ.

ಮೂರನೆಯದು ಸಂಕಷ್ಟದಿಂದ ಬಂದ ಲಾಭ. ಇಲ್ಲಿ ಮಾರುವವನಿಗೆ ಬೆಲೆ ಗೊತ್ತು. ಗೊತ್ತಿದ್ದೂ ಬಿಟ್ಟುಕೊಡುವ ಸ್ಥಿತಿಯಲ್ಲಿದ್ದಾನೆ. ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಐದು ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ವೆಂಬುದನ್ನು ಹೇಳಿದೆ. ಸರ್ವಾರ್ಥಸಿದ್ಧಿಯನ್ನು ರಚಿಸಿದ ಪೂಜ್ಯಪಾದಾಚಾರ್ಯರು ಇದನ್ನು ವಿವರಿಸುತ್ತ, ಬೆಲೆಬಾಳುವ ಪದಾರ್ಥಗಳು ಅಲ್ಪ ಮೂಲ್ಯಕ್ಕೆ ಸಿಗುತ್ತವೆಂದು ಅಂತಹ ರಾಜ್ಯದಲ್ಲಿ ನ್ಯಾಯ ಮೀರಿ ಕೊಳ್ಳಲು ಯತ್ನಿಸುವುದನ್ನು ಸೂಚಿಸಿದ್ದಾರೆ. ಅರಾಜಕತೆ ರಾಜ್ಯಕ್ಕೆ ಬರುವಂತೆ ಒಂದು ಮನೆಗೂ ಬರುತ್ತದೆ. ಬರಗಾಲದಲ್ಲಿ ಮಾರುವ ಎತ್ತು, ಆಸ್ಪತ್ರೆಯ ಖರ್ಚಿಗೆಂದು ಮಾರುವ ಬಳೆ, ಮಗಳ ಮದುವೆಯ ಹಿಂದಿನ ವಾರ ಮಾರುವ ಹೊಲ ಇವೆಲ್ಲ ಅಂತಹ ರಾಜ್ಯದ ಸರಕುಗಳೇ. ಅವನ್ನು ಕೊಳ್ಳುವುದು ತಪ್ಪಲ್ಲ. ಕೊಳ್ಳುವವರೇ ಇಲ್ಲದಿದ್ದರೆ ಮಾರುವವನ ಗತಿ ಇನ್ನೂ ಕೆಡುತ್ತದೆ. ಪೇಟೆಯ ಬೆಲೆಗೆ ಕೊಂಡರೆ ಅದು ಉಪಕಾರ. ಅವನ ಕಣ್ಣೀರಿಗೆ ಬೆಲೆ ಕಟ್ಟಿ ಕಳೆದು ಕೊಂಡರೆ ಅದು ವ್ರತಭಂಗದ ಹೊಸ್ತಿಲು.

ಈ ವಿಚಾರವನ್ನು ಗ್ರಂಥದಲ್ಲಿ ಓದಿದವರು ಅನೇಕರು. ಅಂಗಡಿಯಲ್ಲಿ ಕುಳಿತು ಆಚರಿಸಿದವರಲ್ಲಿ ಶ್ರೀಮದ್ ರಾಜಚಂದ್ರರ ಹೆಸರು ಮುಖ್ಯವಾದುದು. ೧೮೬೭ರಲ್ಲಿ ಸೌರಾಷ್ಟ್ರದ ವವಾಣಿಯಾದಲ್ಲಿ ಹುಟ್ಟಿ ೧೯೦೧ರಲ್ಲಿ ರಾಜಕೋಟೆಯಲ್ಲಿ ದೇಹಬಿಟ್ಟ ಅವರು ಮುಂಬಯಿಯಲ್ಲಿ ಮುತ್ತು ರತ್ನಗಳ ವ್ಯಾಪಾರಿಯಾಗಿದ್ದರು. ಕನ್ನಡ ನಾಡಿನವರಿಗೂ ಆ ಹೆಸರು ಅಪರಿಚಿತವಲ್ಲ. ಬೆಳಗಾವಿ ಜಿಲ್ಲೆಯ ಸದಲಗದ ಡಾ॥ ಆ. ನೇ. ಉಪಾಧ್ಯೆಯವರು ಸಂಪಾದಿಸಿದ ಕುಂದಕುಂದಾಚಾರ್ಯರ ಪ್ರವಚನಸಾರ ೧೯೩೫ರಲ್ಲಿ ಪ್ರಕಟವಾದದ್ದು ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿಯೇ. ೧೮೯೧ರಲ್ಲಿ ವಿಲಾಯತಿಯಿಂದ ಮರಳಿದ ಗಾಂಧೀಜಿಯವರು ಅವರನ್ನು ಕಂಡರು. ಲಕ್ಷಗಳ ವ್ಯವಹಾರ ಮುಗಿದೊಡನೆ ಧರ್ಮಗ್ರಂಥವನ್ನೋ ತಮ್ಮ ದಿನಚರಿಯನ್ನೋ ತೆರೆಯುತ್ತಿದ್ದ ಈ ವರ್ತಕರ ವಿಷಯವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ರಾಜಚಂದ್ರರ ಜೀವನಚರಿತ್ರೆಗಳಲ್ಲಿ ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ. ಅರಬ ವರ್ತಕನೊಬ್ಬನ ತಮ್ಮನು ಅಣ್ಣನನ್ನು ಕೇಳದೆ ಮುತ್ತುಗಳನ್ನು ತಂದು ರಾಜಚಂದ್ರರಿಗೆ ಮಾರಿದನು. ವಿಷಯ ತಿಳಿದ ಅಣ್ಣನು ಕೋಪಗೊಂಡುದರಿಂದ ತಮ್ಮನು ದಿಕ್ಕುತೋಚದೆ ಹಿಂದಿರುಗಿ ಬಂದು ತನ್ನ ಕಷ್ಟವನ್ನು ಹೇಳಿಕೊಂಡನು. ಸರಕು ಒಳ್ಳೆಯ ಲಾಭಕ್ಕೆ ಹೋಗುವಂತಹುದಾಗಿತ್ತು. ಸೌದೆ ಕ್ರಮಬದ್ಧವಾಗಿಯೇ ನಡೆದಿತ್ತು. ಆದರೂ ಅವರು ಮುತ್ತುಗಳನ್ನು ಹಿಂದಕ್ಕೆ ಕೊಟ್ಟು ತಮ್ಮ ಹಣವನ್ನು ಮಾತ್ರ ಪಡೆದರು. ಇನ್ನೊಂದು ಪ್ರಸಂಗದಲ್ಲಿ, ಗೊತ್ತುಪಡಿಸಿದ ಬೆಲೆಗೆ ರತ್ನಗಳನ್ನು ಒದಗಿಸಲು ಒಪ್ಪಿದ್ದ ವ್ಯಾಪಾರಿಯು ಬೆಲೆ ಏರಿಬಿಟ್ಟುದರಿಂದ ಸರ್ವನಾಶದ ಅಂಚಿಗೆ ಬಂದನು. ರಾಜಚಂದ್ರರು ತಾವೇ ಅವನಲ್ಲಿಗೆ ಹೋಗಿ ಕರಾರುಪತ್ರವನ್ನು ಹರಿದುಹಾಕಿದರು. ತಾವು ಹಾಲು ಕುಡಿಯಬಲ್ಲವರೇ ಹೊರತು ರಕ್ತ ಕುಡಿಯುವವರಲ್ಲ ಎಂಬರ್ಥದ ಮಾತನ್ನಾಡಿದರೆಂದೂ ಹೇಳುತ್ತಾರೆ. ಮೊದಲನೆಯದರಲ್ಲಿ ಲಾಭ ಬಂದದ್ದು ಎಳೆಯನ ಅವಿವೇಕದಿಂದ, ಎರಡನೆಯದರಲ್ಲಿ ಕಾಲದ ಏರಿಳಿತದಿಂದ. ಎರಡರಲ್ಲಿಯೂ ಕಾನೂನು ಕೊಂಡವರ ಕಡೆಗಿತ್ತು. ಅವರು ನೋಡಿದ್ದು ಪತ್ರವನ್ನಲ್ಲ, ಪತ್ರದ ಆಚೆ ಕುಳಿತಿದ್ದ ಜೀವವನ್ನು.

ನಾಲ್ಕನೆಯದು, ಯಾರಿಗೂ ಹಾನಿಯಾಗದೆ ಕಾಲವೇ ತಂದುಕೊಡುವ ಹೆಚ್ಚಳ. ಇದನ್ನೂ ಪೂರ್ವಾಚಾರ್ಯರು ಬಿಟ್ಟಿಲ್ಲ. ೧೨ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಪರಿಗ್ರಹದ ಮಿತಿಯನ್ನು ಜಾಣತನದಿಂದ ಮೀರುವ ಐದು ಬಗೆಗಳನ್ನು ಹೇಳುತ್ತಾರೆ. ಅವುಗಳಲ್ಲೊಂದು ಗರ್ಭ, ಅಂದರೆ ಹಸುವಿನ ಹೊಟ್ಟೆಯಲ್ಲಿರುವ ಕರುವನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದು. ಒಂದು ಹಸುವೆಂದು ಕೊಂಡದ್ದು ಗಬ್ಬವಾಗಿದ್ದರೆ ಕೊಂಡವನಿಗೆ ಹಿಗ್ಗು. ವ್ರತದ ಲೆಕ್ಕಕ್ಕೆ ಅದು ಎರಡು. ಇನ್ನೊಂದು ಯೋಜನ, ಅಂದರೆ ನಡುವಣ ಬೇಲಿಯನ್ನು ಕಿತ್ತು ಎರಡು ಹೊಲಗಳನ್ನು ಒಂದೆಂದು ಎಣಿಸುವುದು. ಉಪಾಸಕದಶಾಂಗದ ಆನಂದ ಶ್ರಾವಕನು ತಲಾ ೧೦,೦೦೦ ಹಸುಗಳ ೪ ಮಂದೆ, ೫೦೦ ನೇಗಿಲು ಎಂದು ಎಣಿಕೆಯಿಂದ ಮಿತಿ ಹಾಕಿಕೊಂಡಂತೆ ಹೊನ್ನಿಗೂ ಕೋಟಿಗಳ ಲೆಕ್ಕದಲ್ಲಿ ಮಿತಿ ಹಾಕಿಕೊಂಡನು. ಆ ಮಿತಿ ದೊಡ್ಡದು. ಆದರೆ ಅದು ಮಿತಿ.

ಊರ ಹೊರಗೆ ಕೊಂಡ ನಿವೇಶನದ ಬೆಲೆ ಇಪ್ಪತ್ತು ವರ್ಷಗಳಲ್ಲಿ ಹಲವು ಪಟ್ಟು ಏರಿದಾಗ ಇಂದಿನ ವ್ರತಿಯ ಎದುರಿಗೂ ಇದೇ ಪ್ರಶ್ನೆ ನಿಲ್ಲುತ್ತದೆ. ಒಂದು ನಿವೇಶನವೆಂದು ವ್ರತ ಹಿಡಿದವನಿಗೆ ಎಣಿಕೆಯಲ್ಲಿ ಭಂಗವಿಲ್ಲ. ಆದರೆ ಮೂರ್ಛೆಯೇ ಪರಿಗ್ರಹವೆಂದ ಮೇಲೆ ಲೆಕ್ಕ ನೆಲದ ಮೇಲಷ್ಟೇ ನಿಲ್ಲದು. ದಿನವೂ ಅದರ ಬೆಲೆಯನ್ನು ವಿಚಾರಿಸುತ್ತ ಮಲಗುವವನ ಬಳಿ ನಿವೇಶನ ಒಂದೇ ಇದ್ದರೂ ಪರಿಗ್ರಹ ಹತ್ತರಷ್ಟಾಗಿದೆ. ಇಲ್ಲಿ ಹೆಚ್ಚಳವನ್ನು ಹಿಂದಿರುಗಿಸಬೇಕಾದವರು ಯಾರೂ ಇಲ್ಲದ ಕಾರಣ ಅದು ನಿಜವಾಗಿಯೂ ಅವನದೇ. ತನ್ನದಾದುದರಿಂದಲೇ ಅದನ್ನು ದಾನ ಮಾಡುವ ಅಧಿಕಾರವೂ ಅವನಿಗಿದೆ. ಮಿತಿಗೆ ಮೀರಿದುದು ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಕ್ಕೆ ಸಲ್ಲತಕ್ಕದ್ದು.

ಅದೇ ನಿವೇಶನವನ್ನು ಹಿಂದೆ ಮಾರಿದವನಿಗೂ ಒಂದು ಪರೀಕ್ಷೆಯಿದೆ. ಸಮಂತಭದ್ರರು ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ವಿಸ್ಮಯವನ್ನೂ ಎಣಿಸಿದ್ದಾರೆ. ತಾನು ಮಾರಿದ ಮೇಲೆ ಇತರರಿಗೆ ಅದರಿಂದ ಅಧಿಕ ಲಾಭವಾಯಿತೆಂದು ಲೋಭದಿಂದ ವಿಷಾದಪಡುವುದು ಎಂದು ವ್ಯಾಖ್ಯಾನ. ನ್ಯಾಯವಾದ ಬೆಲೆ ಪಡೆದವನು ಮತ್ತೊಬ್ಬರ ಹಿಗ್ಗನ್ನು ಕಂಡು ಕೊರಗಿದರೆ, ಮಾರಿದ ವಸ್ತುವನ್ನು ಮನಸ್ಸಿನಲ್ಲಿ ಮಾರದೆ ಉಳಿಸಿಕೊಂಡಂತಾಗುತ್ತದೆ.

ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಆರಂಭವನ್ನು ತೊರೆದು ಕುಳಿತ ಶ್ರಾವಕನಿಗೆ ಈ ಲೆಕ್ಕ ನೋಡಲು ಬಿಡುವಿರುತ್ತದೆ. ಹಿಂದಿನ ಪರ್ವದಿಂದೀಚೆಗೆ ಕೊಂಡ ವಸ್ತುಗಳಲ್ಲಿ ಎಣಿಸಿದ್ದಕ್ಕಿಂತ ಮೇಲಾದುದು ಯಾವುದು, ಆ ಹೆಚ್ಚಳ ಯಾರ ಮನೆಯಿಂದ ಬಂತು, ಅದು ಅಲ್ಲಿಗೆ ಮರಳಬೇಕೇ ಎಂಬ ಮೂರು ಪ್ರಶ್ನೆಗಳನ್ನು ಪ್ರತಿಕ್ರಮಣದೊಡನೆ ಸೇರಿಸಿಕೊಂಡರೆ ದಶಲಕ್ಷಣ ಪರ್ವದ ಉತ್ತಮ ಶೌಚವು ಹತ್ತು ದಿನಗಳ ಮಾತಾಗಿ ಉಳಿಯದೆ ವರ್ಷದ ನಡತೆಯಾಗುತ್ತದೆ. ಉಪವಾಸಿಯು ಮರುದಿನ ಪಾರಣೆಯಲ್ಲಿ ಕುಡಿಯುವ ಸಪ್ಪೆ ಗಂಜಿಯೂ ಎಂದಿಗಿಂತ ಹೆಚ್ಚು ರುಚಿಸುತ್ತದೆ. ಆ ರುಚಿಗೆ ಅವನು ಬೆಲೆ ತೆತ್ತಿಲ್ಲ. ಅದರಿಂದ ಯಾರಿಗೂ ಒಂದು ಕಾಸು ಕಡಿಮೆಯಾಗಿಲ್ಲ. ತನ್ನ ಆಸೆಯನ್ನು ತಗ್ಗಿಸಿಕೊಂಡುದರಿಂದ ಬಂದ ಹೆಚ್ಚಳವೊಂದನ್ನೇ ಯಾರಿಗೂ ಹಿಂದಿರುಗಿಸಬೇಕಾಗಿಲ್ಲ.